ಹತ್ತು ಮೀಟರಿನೊಳಗೆ ಜೆಸ್ಸಿ

ಇದನ್ನು ಕೇಳಿದವರೆಲ್ಲ ನನಗೆ ಹೊಟ್ಟೆಕಿಚ್ಚು ಅಂದರು. ಹೊಟ್ಟೆಕಿಚ್ಚು ಇದ್ದದ್ದು ನಿಜ. ಆದರೆ ಆ ರಾತ್ರಿ ಕಾರಿನಲ್ಲಿ ನಡೆದದ್ದೂ ಅಷ್ಟೇ ನಿಜ.

ನಾನು ಸ್ಟ್ಯಾನಿಯವರ ಎರಡನೇ ಹೆಂಡತಿ. ಮೊದಲನೆಯವಳು ಜೆಸ್ಸಿ, ಕಾಯಿಲೆಯಿಂದ ತೀರಿಕೊಂಡಳು. ಉಪ್ಪಳದ ನಮ್ಮ ಮನೆಯಲ್ಲಿ ಅವಳ ಒಂದು ಫೋಟೊ ಕೂಡ ಇಲ್ಲ. ಆದರೂ ಪಾತ್ರೆಗಳು ಅವಳು ಇಟ್ಟ ಜಾಗದಲ್ಲೇ ಇರಬೇಕು, ಮೀನಿನ ಸಾರಿಗೆ ಹುಳಿ ಅವಳು ಹಾಕಿದಷ್ಟೇ ಬೇಕು. ಸತ್ತವಳ ಜೊತೆ ಜಗಳವಾಡುವುದಾದರೂ ಹೇಗೆ?

ಸ್ಟ್ಯಾನಿ ಇಂಟರ್ನೆಟ್ಟಿನ ಫೈಬರ್ ಲೈನ್ ಕೆಲಸದವರು. ಬೆಳಕು ಹರಿಯುವ ಗಾಜಿನ ಎಳೆ ತುಂಡಾದರೆ ಹೋಗಿ ಬೆಸೆಯಬೇಕು. ಅವತ್ತು ದೇಲಂಪಾಡಿಯ ಕಾಡಂಚಿನಲ್ಲಿ ಮರದ ಗೆಲ್ಲು ಬಿದ್ದು ಲೈನ್ ಕಡಿದಿತ್ತು. ಮನೆಯಲ್ಲಿ ಬೇಸರವೆಂದು ನಾನೂ ಹೊರಟೆ. ಕೆಲಸ ಮುಗಿಸಿ ಹಿಂದಿರುಗುವಾಗ ಪೂರ್ತಿ ಕತ್ತಲು. ರಸ್ತೆಯಲ್ಲಿ ನಮ್ಮ ಕಾರು ಮಾತ್ರ...

ನನ್ನ ಫೋನಿನಿಂದ ಕಾರಿನ ಬ್ಲೂಟೂತಿನಲ್ಲಿ ಹಾಡು ಬರುತ್ತಿತ್ತು. ಒಂದು ತಿರುವಿನಲ್ಲಿ ಹಾಡು ನಿಂತಿತು. ಪರದೆಯ ಮೇಲೆ ಅಕ್ಷರ ಮೂಡಿತು: ಜೆಸ್ಸಿ, ಕನೆಕ್ಟೆಡ್.

"ಇದೆಂತ?" ಅಂದೆ.

"ಹಳೇ ಹೆಸರು. ಕಾರಿನಲ್ಲಿ ಸೇವ್ ಆಗಿ ಉಂಟು."

"ಕನೆಕ್ಟ್ ಆಗ್ಲಿಕ್ಕೆ ಫೋನ್ ಹತ್ತಿರ ಬೇಡ್ವಾ? ಎಷ್ಟು ದೂರದ ತನಕ ಸಿಗ್ತದೆ?"

"ಹತ್ತು ಮೀಟರ್..." ಅವರ ಸ್ವರ ತಗ್ಗಿತ್ತು.

"ಅವಳ ಫೋನ್ ಎಲ್ಲಿ ಉಂಟು?"

"ಅವಳ ಪೆಟ್ಟಿಗೆಯಲ್ಲಿ. ಮಣ್ಣು ಮಾಡುವಾಗ ನಾನೇ ಇಟ್ಟದ್ದು."

ನನಗದು ಗೊತ್ತಿರಲಿಲ್ಲ. ಭಯಕ್ಕಿಂತ ಮೊದಲು ಎದೆಗೆ ನಾಟಿದ್ದು ಆ ಮಾತೇ.

ಆಗ ಸ್ಪೀಕರಿನಲ್ಲಿ ಉಸಿರು ಕೇಳಿಸಿತು. ಮೆಟ್ಟಿಲು ಹತ್ತಿ ಬಂದವರು ಸುಧಾರಿಸಿಕೊಳ್ಳುವ ಹಾಗೆ... ಎಳೆದೆಳೆದು. ಎ.ಸಿ.ಯ ತಂಪಿನಲ್ಲಿ ಆಗಷ್ಟೇ ಅಗೆದ ಮಣ್ಣಿನ ವಾಸನೆ. ಕಾರು ನಿಧಾನವಾಯಿತು.

"ಯಾಕೆ ನಿಲ್ಲಿಸ್ತೀರಿ? ಹೋಗಿ," ಪಿಸುಗುಟ್ಟಿದೆ.

ಅವರು ತಮ್ಮ ಕಡೆಯ ಗಾಜು ಇಳಿಸಿದರು. ಪರದೆಯ ನೀಲಿ ಬೆಳಕಿನಲ್ಲಿ ಅವರ ಮುಖ ನೋಡಿದೆ. ನಗುತ್ತಿದ್ದರು. ಮದುವೆಯಾದಂದಿನಿಂದ ನನಗಾಗಿ ಒಮ್ಮೆಯೂ ಬಾರದ ನಗು.

ಕೈ ಚಾಚಿ ಸ್ಟೀರಿಯೊ ಆಫ್ ಮಾಡಿದೆ. ಪರದೆ ಆರಿತು. ಉಸಿರು ಮಾತ್ರ ಇನ್ನೂ ಸ್ವಲ್ಪ ಹೊತ್ತು ಕೇಳಿಸಿತು...

ಬೆಳಿಗ್ಗೆ ಕಾರಿನಿಂದ ಆ ಹೆಸರನ್ನು ನಾನೇ ಅಳಿಸಿದೆ.

ಈಗಲೂ ಆ ಕಡೆಯ ಕೆಲಸ ಬರುತ್ತದೆ. "ನಾನೂ ಬರ್ಲಾ?" ಎಂದರೆ, "ನಿನಗೆ ಸುಮ್ಮನೆ ಹೆದರಿಕೆ ಆಗ್ತದೆ, ಬೇಡ," ಅನ್ನುತ್ತಾರೆ. ಆಮೇಲೆ ಕನ್ನಡಿಯ ಮುಂದೆ ನಿಂತು, ಬಹಳ ಹೊತ್ತು ಕೂದಲು ಬಾಚಿಕೊಳ್ಳುತ್ತಾರೆ.