ಕಪಿಲೆಯಲ್ಲಿ ತೇಲಿಹೋದ ಹದಿನಾರು ಪುಟಗಳು

ನಮ್ಮ ಮನೆಯ ಒಂದು ಕಾದಂಬರಿಗೆ ಐವತ್ತು ವರ್ಷದಿಂದ ಕೊನೆಯೇ ಇರಲಿಲ್ಲ. ಕೊನೆಯ ಹದಿನಾರು ಪುಟಗಳನ್ನು ಕಿತ್ತು, ದೋಣಿ ಮಾಡಿ, ನಂಜನಗೂಡಿನ ಕಪಿಲೆಯಲ್ಲಿ ತೇಲಿಬಿಟ್ಟವಳು ನಾನಂತೆ. ಆಗ ನನಗೆ ನಾಲ್ಕು ವರ್ಷ. ನನಗೊಂದೂ ನೆನಪಿಲ್ಲ, ಮಿಕ್ಕವರಿಗೆಲ್ಲ ಚೆನ್ನಾಗಿ ನೆನಪಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗಲೂ "ಪುಸ್ತಕ ಹರಿದೋಳು ಪಾಸಾದ್ಲು" ಎಂದೇ ಬೀದಿಗೆ ಸಿಹಿ ಹಂಚಿದರು.

ಅಪ್ಪ ಬಟ್ಟೆ ವ್ಯಾಪಾರಿ. ಆ ಪುಸ್ತಕ ಅವರದು, ಅರ್ಧ ಓದಿಟ್ಟಿದ್ದರು. ಕೊನೆ ಹೋಯಿತೆಂದು ಅವರೇನೂ ಕೊರಗಲಿಲ್ಲ. ಊಟಕ್ಕೆ ಕೂತಾಗ ತಾವೇ ಹೊಸ ಹೊಸ ಕೊನೆ ಕಟ್ಟಿ ಹೇಳುತ್ತಿದ್ದರು. ಒಂದು ದಿನ ನಾಯಕಿಗೆ ಮದುವೆಯಾಗುತ್ತಿತ್ತು, ಇನ್ನೊಂದು ದಿನ ಅವಳು ಟೀಚರಾಗುತ್ತಿದ್ದಳು, ಸಾರು ರುಚಿಯಾಗಿದ್ದ ದಿನ ಎರಡೂ ಆಗುತ್ತಿತ್ತು. ನನಗೆ ಎಲ್ಲವೂ ಒಪ್ಪಿಗೆ. ನನಗಿಂತ ಏಳು ವರ್ಷ ದೊಡ್ಡವಳಾದ ಅಕ್ಕನಿಗೆ ಮಾತ್ರ ಒಂದೂ ಒಪ್ಪಿಗೆಯಿಲ್ಲ. ಹದಿನಾಲ್ಕನೇ ವಯಸ್ಸಿನಲ್ಲಿ ಅವಳು ಆ ಕಾದಂಬರಿ ಓದಿ, ಕೊನೆ ಸಿಗದೆ, ಮೂರು ದಿನ ಮುಖ ಊದಿಸಿಕೊಂಡಿದ್ದಳಂತೆ.

ಅವಳನ್ನು ಕೊಟ್ಟಿದ್ದು ಸೋಸಲೆಗೆ. ನಮ್ಮೂರಿನ ಕಪಿಲೆ ಟಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ, ಸೋಸಲೆ ಅಲ್ಲೇ ಹತ್ತಿರ. ಅವಳು ಗಂಡನ ಮನೆಗೆ ಹೊರಟು ಕಣ್ಣೊರೆಸಿಕೊಳ್ಳುತ್ತಿದ್ದಾಗ ಅಪ್ಪ ಆ ಪುಸ್ತಕವನ್ನು ಅವಳ ಕೈಗಿಟ್ಟು, "ತಗೋಳಮ್ಮ. ಕೊನೆ ಪುಟಗಳೂ ಅಲ್ಲೇ ಎಲ್ಲೋ ದಡಕ್ಕೆ ಬಂದಿರ್ತವೆ, ಹುಡುಕ್ಕೋ" ಎಂದರು. ಅಳುತ್ತಿದ್ದವಳು ನಕ್ಕುಬಿಟ್ಟಳು.

ಅಪ್ಪ ಹೋಗಿ ಬಹಳ ಕಾಲವಾಯಿತು. ಆದರೆ ಅಕ್ಕ ಫೋನು ಮಾಡಿದಾಗಲೆಲ್ಲ, ಮಾತು ಎಲ್ಲಿಂದಲೇ ಶುರುವಾಗಲಿ, ನನ್ನ ದೋಣಿಗೆ ಬಂದೇ ನಿಲ್ಲುತ್ತಿತ್ತು. ಸಾಯುವುದರೊಳಗೆ ಅವಳಿಗೊಂದು ಕೊನೆ ತಂದುಕೊಟ್ಟು ಈ ಅಪವಾದ ತೊಳೆದುಕೊಳ್ಳಬೇಕೆಂದು ನನಗೆ ನಿಜವಾಗಿಯೂ ಇತ್ತು. ಮೈಸೂರಿನ ಹಳೆ ಪುಸ್ತಕದಂಗಡಿಗಳನ್ನೆಲ್ಲ ಸುತ್ತಿದ್ದೆ. ಅದು ಮತ್ತೆ ಅಚ್ಚಾಗಿಯೇ ಇರಲಿಲ್ಲ.

ಹೋದ ವರ್ಷ ಮಗಳು ನನಗೊಂದು ಟ್ಯಾಬ್ ಕೊಡಿಸಿದಳು. ಅದರಲ್ಲಿ ಇ-ಪುಸ್ತಕ ಮಾರುವ ಆ್ಯಪ್ ತೆರೆದು ಸುಮ್ಮನೆ ಹುಡುಕಿದರೆ, ನಮ್ಮ ಕಾದಂಬರಿ! 'ಖರೀದಿಸಿ' ಒತ್ತಿಯೇಬಿಟ್ಟೆ. ಕೊನೆಯ ಪುಟ ನೋಡಬೇಕೆಂದು ಬೆರಳು ಹಾತೊರೆಯಿತು. ತಡೆದುಕೊಂಡು ಅಕ್ಕನಿಗೆ ಫೋನು ಮಾಡಿದೆ.

"ಸಿಕ್ತು ಕಣಕ್ಕ!"

"ಓದ್ಬುಟ್ಯಾ?"

"ಇಲ್ಲ."

"ಓದ್ಬ್ಯಾಡ. ಓದಿದ್ರೆ ಮಾತಾಡ್ಸಲ್ಲ. ಮೊದ್ಲು ನಂಗೆ ಕಳ್ಸು."

ಕಳಿಸುವುದೆಂದರೆ ಎಷ್ಟು ಹೊತ್ತಿನ ಕೆಲಸ ಎಂದುಕೊಂಡೆ. ಭಾವನ ಫೋನಿಗೆ ವಾಟ್ಸಾಪಿನಲ್ಲಿ ಕಳಿಸೋಣವೆಂದರೆ ಅದಕ್ಕೆ ದಾರಿಯೇ ಇಲ್ಲ. ಸಾಲುಗಳ ಮೇಲೆ ಬೆರಳಿಟ್ಟು ಕಾಪಿ ಮಾಡಹೋದರೆ 'ಅನುಮತಿ ಇಲ್ಲ' ಎಂದಿತು. ಸ್ಕ್ರೀನ್‌ಶಾಟ್ ತೆಗೆದರೆ ಬರೀ ಕಪ್ಪು, ಬಾಣಲೆಯ ತಳದ ಹಾಗೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಸಹಾಯವಾಣಿಗೆ ಫೋನು ಮಾಡಿದೆ.

"ಮೇಡಂ, ನೀವು ಕೊಂಡಿರೋದು ಪುಸ್ತಕ ಅಲ್ಲ, ಓದೋ ಪರವಾನಗಿ" ಎಂದಳು ಆ ಕಡೆಯ ಹುಡುಗಿ, ಬಹಳ ವಿನಯದಿಂದ.

"ಹಾಗಾದ್ರೆ ಖರೀದಿಸಿ ಅಂತ ಯಾಕಮ್ಮ ಬರೆದಿದೀರಾ? ನಮ್ಮಕ್ಕನಿಗೆ ಓದೋಕೆ ಕೊಡಬಾರದಾ?"

"ಅವರು ಅವರ ಖಾತೆಯಲ್ಲಿ ಬೇರೆ ತಗೋಬೇಕು ಮೇಡಂ."

ಅಕ್ಕನದು ಗುಂಡಿ ಒತ್ತುವ ಫೋನು. ಇದನ್ನು ಹೇಳಿದಾಗ ಅವಳು, "ಅಕ್ಕ ತಂಗೀರು ಒಂದೇ ಪುಸ್ತಕನ ಎಲ್ಡು ಸಲ ಕೊಂಡ್ಕೊಳೋದಾ? ಎಲ್ಲಾದ್ರೂ ಉಂಟಾ? ಆ ಟ್ಯಾಬನ್ನೇ ಬಸ್ಸಿಗೆ ಆಕು" ಎಂದಳು.

ಅದೂ ಸರಿಯೇ ಅನ್ನಿಸಿತು. ನಾವಿಬ್ಬರೂ ಉಪ್ಪಿನಕಾಯಿ, ರವಿಕೆ, ಔಷಧಿ ಎಲ್ಲವನ್ನೂ ನರಸೀಪುರದ ಬಸ್ಸಿನ ಕಂಡಕ್ಟರ ಕೈಲೇ ಕಳಿಸುವವರು. ತಂಗಿಯ ಮನೆಯಿಂದ ಅಕ್ಕನ ಮನೆಗೆ ತಿನ್ನುವ ಪದಾರ್ಥವಿಲ್ಲದೆ ಚೀಲ ಹೋಗಬಾರದೆಂಬುದು ಅಮ್ಮ ಹಾಕಿಕೊಟ್ಟ ಕ್ರಮ. ಹಾಗಾಗಿ ಟ್ಯಾಬಿನ ಮೇಲೆ ಒಂದು ಚಿಪ್ಪು ರಸಬಾಳೆ ಇಟ್ಟೆ, ಚೆನ್ನಾಗಿ ಹಣ್ಣಾಗಿತ್ತು.

ಕಂಡಕ್ಟರು ಚೀಲವನ್ನು ಸೀಟಿನ ಕೆಳಗೆ ತಳ್ಳಿದ್ದನ್ನು ನೋಡಿಯೂ ನನಗೆ ಹೊಳೆಯಲಿಲ್ಲ. ನರಸೀಪುರ ಮುಟ್ಟುವಷ್ಟರಲ್ಲಿ ಹಣ್ಣು ರಸಾಯನವಾಗಿತ್ತು. ಅಕ್ಕ ಸೆರಗಿನಿಂದ ಟ್ಯಾಬನ್ನು ತಿಕ್ಕಿ ತಿಕ್ಕಿ ಒರೆಸಿದಳು. ಒರೆಸುವಾಗ ಏನೇನು ಒತ್ತಿದಳೋ, ಆ್ಯಪ್ ನನ್ನ ಖಾತೆಯನ್ನೇ ಹೊರಗೆ ಹಾಕಿ ಓಟಿಪಿ ಕೇಳಿತು. ಓಟಿಪಿ ಬಂದದ್ದು ನಂಜನಗೂಡಿನಲ್ಲಿ ನನ್ನ ಫೋನಿಗೆ. ನಾನು ಅಂಕಿ ಹೇಳುವುದು, ಅವಳು ಅದನ್ನು ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳುವುದು, ಆಮೇಲೆ ಕನ್ನಡಕ ಹುಡುಕುವುದು, ಅಷ್ಟರಲ್ಲಿ ಹೊತ್ತು ಮೀರುವುದು. ಮೂರು ಸಲ ಹೀಗಾದ ಮೇಲೆ ಆ್ಯಪ್ ಇಬ್ಬರನ್ನೂ ನಂಬುವುದನ್ನೇ ಬಿಟ್ಟಿತು.

"ನಿನ್ ಪುಸ್ತಕಕ್ಕಿಂತ ನಮ್ಮ ರೇಷನ್ ಸೊಸೈಟಿ ಬೀಗ ವಾಸಿ ಕಣೇ, ಕೀ ಆಕುದ್ರೆ ತೆಗೀತದೆ" ಎಂದಳು ಅಕ್ಕ.

ಮರುವಾರ ನಾನೇ ಬಸ್ಸು ಹತ್ತಿದೆ. ಈ ಸಲ ಓಟಿಪಿ ಬರುವ ಫೋನು ನನ್ನ ಜೊತೆಗೇ ಇತ್ತು. ಸೋಸಲೆಯ ಜಗಲಿಯ ಮೇಲೆ ಕೂತು ಟ್ಯಾಬ್ ತೆರೆದಾಗ ಪುಸ್ತಕ ಮತ್ತೆ ಕಾಣಿಸಿತು. ನಾನು ಓದಲು ಬಾಯಿ ತೆರೆದೆ. ಅಕ್ಕ ಒಳಗಿನಿಂದ ಅಪ್ಪನ ಪುಸ್ತಕ, ಬಿಳಿ ಹಾಳೆ, ಪೆನ್ನು ಹಿಡಿದು ಬಂದಳು.

"ಓದ್ಬುಟ್ರೆ ಆಯ್ತಾ? ಪುಸ್ತಕಕ್ಕೆ ಕೊನೆ ಬ್ಯಾಡ್ವಾ? ನೀನು ಓದ್ತಾ ಓಗು, ನಾನು ಬರ್ಕತೀನಿ."

"ಕಾಪಿ ಮಾಡಬಾರದು ಅನ್ನುತ್ತೆ ಇದು."

"ನನ್ ಕೈನ ಎಂಗೆ ಇಡ್ಕತದೆ ನೋಡಾನ."

ಅವಳಿಗೂ ಕಾಣಲೆಂದು ಅಕ್ಷರ ದೊಡ್ಡದು ಮಾಡಿದೆ. ಹದಿನಾರು ಪುಟ ಅರವತ್ತಾಯಿತು. ನಾನು ಒಂದೊಂದೇ ವಾಕ್ಯ ಓದಿದೆ, ಅವಳು ಬರೆದಳು. ಮಧ್ಯೆ ಊಟ ಮಾಡಿದೆವು. ಭಾವ ಹಸುವಿಗೆ ಹುಲ್ಲು ಹಾಕಲು ಎದ್ದವರು ಕಂಬಕ್ಕೊರಗಿ ಅಲ್ಲೇ ನಿಂತರು. ಸಂಜೆಯ ಹೊತ್ತಿಗೆ ಕೊನೆಯ ವಾಕ್ಯ ಬಂತು. ನಾಯಕಿಗೆ ಮದುವೆಯೂ ಆಗಲಿಲ್ಲ, ಅವಳು ಟೀಚರೂ ಆಗಲಿಲ್ಲ. ಅಪ್ಪನ ಕೊನೆಗಳೇ ಚೆನ್ನಾಗಿದ್ದವು. ಹಾಗೆಂದು ಇಬ್ಬರೂ ಒಟ್ಟಿಗೆ ಹೇಳಿ ನಕ್ಕೆವು, ನಗುತ್ತಲೇ ಕಣ್ಣು ತುಂಬಿತು.

ಅಕ್ಕ ಸೂಜಿ ದಾರ ತಂದು ಹಾಳೆಗಳನ್ನು ಪುಸ್ತಕಕ್ಕೆ ಹೊಲಿಯತೊಡಗಿದಳು. ಹೊಲಿಗೆಯಲ್ಲಿ ಕಿತ್ತ ಹಾಳೆಗಳ ಅಂಚುಗಳು ಇನ್ನೂ ಉಳಿದಿದ್ದವು. ಎಣಿಸಿದೆ.

"ಎಂಟು ಹಾಳೆ ಅಕ್ಕ. ನಾಲ್ಕು ವರ್ಷಕ್ಕೇ ಎಂಟು ದೋಣಿ ಮಾಡಿದೀನಿ, ನಾನೇನು ಕಮ್ಮಿ?"

"ಏಳು" ಎಂದಳು ಅಕ್ಕ ತಲೆಯೆತ್ತದೆ. "ಒಂದು ಮಡಿಸೋವಾಗ್ಲೇ ಅರಿದೋಯ್ತು."

ಸೂಜಿ ನಿಂತಿತು. ನಾನು ಅವಳನ್ನೇ ನೋಡಿದೆ.

"ನಿನಗೆ ಹೇಗೆ ಗೊತ್ತು?"

ಅಕ್ಕ ದಾರ ಎಳೆದಳು. "ಅವ್ವ ಎಮ್ಮರಗಾಲಕ್ಕೆ ಚಿಕ್ಕವ್ವನ ಬಾಣಂತನ ಮಾಡಕ್ಕೆ ಓಗಿದ್ಲು. ನೀನು ಒಂದೇ ಸಮ ಅಳ್ತಿದ್ದೆ. ನ್ಯೂಸ್ ಪೇಪರ್ ದೋಣಿ ನೀರಿಗೆ ಬುಟ್ಟೇಟ್ಗೆ ಮುದ್ದೆಯಾಗೋದು. ಈ ಕಾಗ್ದ ದಪ್ಪಕ್ಕಿತ್ತು. ಕೊನೆ ಪುಟ ತಾನೇ, ಅಷ್ಟು ದೂರ ಯಾರು ಓದ್ತಾರೆ ಅಂದ್ಕಂಡೆ. ಅಪ್ಪ ಕೇಳ್ದಾಗ ಎದ್ರಿಕೆ ಆಯ್ತು, ನಿನ್ ಕಡೆ ಕೈ ತೋರಿಸ್ದೆ. ಚಿಕ್ಕವಳ್ನ ಯಾರೂ ಒಡೆಯಲ್ವಲ್ಲ."

"ಐವತ್ತು ವರ್ಷ ಅಕ್ಕ! ಎಸ್ಸೆಸ್ಸೆಲ್ಸಿ ಸಿಹಿ!"

ಭಾವ ಹುಲ್ಲಿನ ಕಡೆ ನಡೆದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಪೆನ್ನು ಅವಳ ಮುಂದೆ ಕುಕ್ಕಿ, "ಬರಿ. ಕೊನೆ ಹಾಳೆ ಕೆಳಗೆ, ದಪ್ಪಕ್ಕೆ ಬರಿ" ಎಂದೆ. ಅವಳು ಕನ್ನಡಕ ಸರಿಮಾಡಿಕೊಂಡು ಬರೆದು, ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. ಎರಡೇ ಸಾಲು: 'ಈ ಪುಟಗಳನ್ನು ಹರಿದವಳು ಅಕ್ಕ. ತಂಗಿ ಅಳುತ್ತಿದ್ದಳು.'

ಎರಡನೇ ಸಾಲನ್ನು ಇನ್ನೊಂದು ಸಲ ಓದಿದೆ. ಫೋನು ತೆಗೆದು ಆ ಪುಟದ ಚಿತ್ರ ಹಿಡಿದು, ಮಗಳಿಗೂ ನೆಂಟರಿಗೂ ಕಳಿಸಿದೆ. ಅದು ಕಪ್ಪಗೆ ಬರಲಿಲ್ಲ.