ಎಲೆಯಂತೆ ಹಂಚಿಕೊಂಡ ಗುಳಿಗೆ

ನಿಪ್ಪಾಣಿಯ ಬೀಡಿ ಓಣಿಯಲ್ಲಿ ಬೆಳಗಿನ ಆರು ಗಂಟೆ. ಹೆಂಗಸರು ಮೊರ ತೊಡೆಯ ಮೇಲಿಟ್ಟು ಕೂರುವ ಮೊದಲೇ ಸುಂದರಾ ಮೂರನೆಯ ಮನೆಯ ಹೊಸ್ತಿಲಲ್ಲಿದ್ದಾರೆ.

“ಬಾಯಿ ತೆಗೀರಿ ಕಾಕಾ. ನಾಲಿಗಿ ಎತ್ರಿ.”

ಮುದುಕ ಲಗಮಣ್ಣ ಗುಳಿಗೆ ನುಂಗಿ ಗೊಣಗುತ್ತಾನೆ, “ನಮ್ಮವ್ವನೂ ಹಿಂಗ ಬಾಯಾಗ ಇಣುಕಿರಲಿಲ್ಲ ಬೇ.”

“ಅಕಿ ಕಾಲದಾಗ ನೀವು ಗುಳಿಗಿ ಹಂಚಿನ ಸಂದ್ಯಾಗ ಸಿಗಿಸ್ತಿದ್ದಿಲ್ಲಲ್ಲ!”

ನಲವತ್ತನಾಲ್ಕರ ಸುಂದರಾ ಒಂದು ಧರ್ಮಾರ್ಥ ದವಾಖಾನೆಯ ಪರವಾಗಿ ಕ್ಷಯರೋಗಿಗಳಿಗೆ ಕಣ್ಣೆದುರೇ ಗುಳಿಗೆ ನುಂಗಿಸುತ್ತಾರೆ. ದಿನಕ್ಕೆ ಇಪ್ಪತ್ತೆರಡು ಮನೆ. ಮಧ್ಯಾಹ್ನ ತಾವೂ ಐನೂರು ಬೀಡಿ ಕಟ್ಟುತ್ತಾರೆ. ಆರು ವರ್ಷಗಳಲ್ಲಿ ಅವರ ಕೈಯಲ್ಲಿ ಗುಣವಾದವರು ನೂರಾ ಎಂಬತ್ತು ಮಂದಿ.

ಕ್ಷಯದಿಂದಲೇ ತೀರಿಕೊಂಡ ಅವರ ತಂದೆಗೆ ಆ ಭಾಗ್ಯವಿರಲಿಲ್ಲ. ೧೯೭೪ರಲ್ಲಿ ಕ್ಷಯದ ಕೆಂಪು ಗುಳಿಗೆ ಹೊಸದು, ಬಲು ತುಟ್ಟಿ. “ಮಿರಜಿಗೆ ಹೋಗಿ ರೇಟ್ ಕೇಳಿ ಬಂದ್ರು ನಮ್ಮಪ್ಪ. ಬರೂಮುಂದ ನನಗ ಗಾಜಿನ ಬಳಿ ತಂದ್ರು. ಗುಳಿಗಿ ತರಲಿಲ್ಲ.”

ಆಮೇಲೆ ನಮ್ಮ ಕಾರ್ಖಾನೆಗಳೇ ಅದನ್ನು ತಯಾರಿಸಿದವು, ಬೆಲೆ ಇಳಿಯಿತು. ೧೯೭೦ರ ಪೇಟೆಂಟ್ ಕಾಯಿದೆ ಔಷಧದ ಮೇಲೆ ಯಾರೊಬ್ಬರಿಗೂ ಒಡೆತನ ಕೊಡಲಿಲ್ಲ. ತಯಾರಿಸುವ ವಿಧಾನದ ಮೇಲಷ್ಟೇ ಕೊಟ್ಟಿತು. ಬೇರೆ ವಿಧಾನ ಕಂಡುಕೊಂಡವರು ಅದೇ ಔಷಧ ಮಾಡಬಹುದು. ಈಗ ಜಾಗತಿಕ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಿದೆ. ೨೦೦೫ರೊಳಗೆ, ಔಷಧದ ಮೇಲೂ ಒಡೆತನ ಕೊಡುವಂತೆ, ಆ ಕಾಯಿದೆ ಬದಲಾಗಬೇಕು. ಇದು ೧೯೯೯, ಇನ್ನು ಆರೇ ವರ್ಷ.

ಹನ್ನೊಂದನೆಯ ಮನೆ ಭೀಮಾಬಾಯಿಯದು (ಆಕೆಯ ಮತ್ತು ನೆರೆಯವಳ ಹೆಸರು ಬದಲಿಸಿದೆ). ವಯಸ್ಸು ಮೂವತ್ತು. ಲಾರಿ ಓಡಿಸುತ್ತಿದ್ದ ಗಂಡ ತೀರಿಕೊಂಡಿದ್ದಾನೆ. ಆಕೆಗೆ ಕ್ಷಯದ ಜೊತೆಗೆ ಎಚ್.ಐ.ವಿ. ಇದೆ. ಕ್ಷಯದ ಗುಳಿಗೆಯನ್ನು ಸುಂದರಾ ಪುಕ್ಕಟೆ ಕೊಡುತ್ತಾರೆ. ಇನ್ನೊಂದು ರೋಗವನ್ನು ತಡೆಹಿಡಿಯುವ ಮೂರು ಹೊಸ ಗುಳಿಗೆಗಳು ಹೊರದೇಶಗಳಲ್ಲಿ ಅಲ್ಲಿಯ ಕಂಪನಿಗಳ ಒಡೆತನದವು. ಇಲ್ಲಿಯ ಕಾರ್ಖಾನೆಗಳು ಒಂದೊಂದನ್ನೇ ಮಾಡತೊಡಗಿವೆ. ಆದರೂ ಒಂದು ತಿಂಗಳ ಗುಳಿಗೆಗೆ ಬೀಡಿ ಕಟ್ಟುವವಳ ಹಲವು ತಿಂಗಳ ಗಳಿಕೆ ಸಾಲದು.

ಕಳೆದ ಬೇಸಿಗೆಯಲ್ಲಿ ಮುಂಬಯಿಯಲ್ಲಿರುವ ಭೀಮಾಬಾಯಿಯ ಅಣ್ಣ ತನ್ನ ಖೋಲಿ, ಅಂದರೆ ಒಂದೇ ಕೋಣೆಯ ಮನೆ, ಮಾರಿ ತಂಗಿಗೆ ಮೂರು ತಿಂಗಳಿಗಾಗುವಷ್ಟು ಆ ಗುಳಿಗೆ ಕಳಿಸಿದ್ದ.

ಈ ಓಣಿಯಲ್ಲಿ ಒಂದು ರೂಢಿಯಿದೆ. ಒಬ್ಬಳಿಗೆ ಬೀಡಿ ಎಲೆ ಕಡಿಮೆ ಬಿದ್ದರೆ ಪಕ್ಕದವಳು ತನ್ನ ಪಾಲಿನಿಂದ ಕೊಡುತ್ತಾಳೆ. ಜ್ವರ ಬಂದವಳ ಬುಟ್ಟಿಗೆ ಎಲ್ಲರೂ ಒಂದೊಂದು ಕಟ್ಟು ಹಾಕಿ ಅವಳ ದಿನದ ಸಾವಿರ ಬೀಡಿಯ ಲೆಕ್ಕ ತುಂಬಿಸುತ್ತಾರೆ. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಮುಂಜಾನೆ ಸುಂದರಾ, ಭೀಮಾಬಾಯಿಯ ಮೊರದಲ್ಲಿ ಅಣ್ಣ ಕಳಿಸಿದ ಗುಳಿಗೆಗಳ ಅರ್ಧರ್ಧ ತುಂಡುಗಳನ್ನು ಕಂಡರು. ಎಲೆ ಕತ್ತರಿಸುವ ಕತ್ತರಿಯಿಂದಲೇ ನೀಟಾಗಿ ಕತ್ತರಿಸಿದ್ದವು. ಉಳಿದರ್ಧ ಪಕ್ಕದ ಮನೆಯ ಕೆಂಪವ್ವನಿಗೆ. ಅವಳಿಗೂ ಎಚ್.ಐ.ವಿ. ಇತ್ತು.

“ಅಕಿ ಮನ್ಯಾಗ ಕೆಮ್ಮೂದು ಗ್ವಾಡಿ ಈಚೆ ನನಗ ಕೇಳ್ತೈತಿ. ನಾ ಒಬ್ಬಾಕೀನ ಹೆಂಗ ನುಂಗ್ಲಿ ಅಕ್ಕಾ?” ಅಂದಳಂತೆ ಭೀಮಾಬಾಯಿ.

“ಬೈಯ್ಯಾಕಂತ ಬಾಯಿ ತೆಗದ್ನಿರಿ. ಬೈಯೂದು ಬಿಟ್ಟು ದವಾಖಾನಿಗೆ ಕೇಳಾಕ ಹೋದ್ನಿ,” ಎನ್ನುತ್ತಾರೆ ಸುಂದರಾ.

ಅರ್ಧ ಗುಳಿಗೆಯಿಂದ ಇಬ್ಬರಿಗೂ ಗುಣವಾಗಲಿಲ್ಲ. ಹಾಗೆ ತಿಂದರೆ ರೋಗವೇ ಗುಳಿಗೆಗೆ ಪಳಗಿಬಿಡುತ್ತದೆ ಎಂದು ದವಾಖಾನೆಯ ವೈದ್ಯರು ಹೇಳಿದರು. ಶ್ರಾವಣದಲ್ಲಿ ಕೆಂಪವ್ವ ತೀರಿಕೊಂಡಳು. ಗುಳಿಗೆಯೂ ಮುಗಿದಿದೆ. ಭೀಮಾಬಾಯಿಗೆ ಈಗ ದಿನಕ್ಕೆ ಇನ್ನೂರು ಬೀಡಿ ಕಟ್ಟುವುದೂ ಕಷ್ಟ. ಆದರೂ ಸಂಜೆ ಅವಳ ಬುಟ್ಟಿಯಲ್ಲಿ ಸಾವಿರ ಇರುತ್ತದೆ.

ಇಂದು ಕ್ಷಯದ ಗುಳಿಗೆ ನುಂಗಿದ ಮೇಲೆ ಅವಳು ಕೇಳುತ್ತಾಳೆ, “ಆ ಮೂರು ಗುಳಿಗಿ ಎಂದ ಅಗ್ಗ ಆಗ್ತಾವಂತ, ಅಕ್ಕಾ?”

“ಆಗ್ತಾವ ತಗೋ. ಅಲ್ಲೀತನಕ ನೀ ಗಂಜಿ ಬಿಡಬ್ಯಾಡ.”

ಓಣಿಯ ತಿರುವಿನಲ್ಲಿ ಸುಂದರಾ ಸೆರಗಿನಿಂದ ಮುಖ ಒರೆಸಿಕೊಂಡು ನಿಲ್ಲುತ್ತಾರೆ. ನಿಮಗೇನು ಬೇಕು ಎಂದು ಕೇಳಿದ ನನಗೆ ಭೀಮಾಬಾಯಿಯ ಮನೆಯತ್ತ ಕೈ ತೋರಿಸುತ್ತಾರೆ.

“ಅಕಿಗಿಂತ ಹದಿನಾಲ್ಕು ವರ್ಷ ದೊಡ್ಡಾಕಿ ನಾ. ನಾ ಸತ್ತಾಗ ನನ್ನ ಮಣ್ಣಿಗೆ ಅಕಿ ಬರಬೇಕ್ರಿ. ಅಷ್ಟ.”