ಸೀಟಿ ಊದುವ ತುಟಿಗಳು

ನಾನು ಬಸವನ ಬಾಗೇವಾಡಿ ತಾಲ್ಲೂಕಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಿಲ್ ಕಲಿಸುತ್ತಿದ್ದೆ. ಮುಂಜಾನೆ ಸೀಟಿ ಊದಿದರೆ ಸಾಲು ನೆಟ್ಟಗಾಗಬೇಕು, ಅಷ್ಟೆ. ಸಾಲಿನ ಮುಂದೆ ನಿಂತವರು ನಗಬಾರದೆಂದು ನನಗೆ ಕಲಿಸಿದ್ದರು. ಇಪ್ಪತ್ತು ವರ್ಷ ನಗಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಆ ಶಿಸ್ತೇ ನನಗೆ ಮುಳುವಾಯಿತು.

ಭೇದಿಯಾಗಿ ವಾಸಿಯಾದ ವಾರಕ್ಕೆ ಕಾಲು ಜೋಮು ಹಿಡಿದವು. ಬಿಸಿಲಿಗೆ ಅಂದುಕೊಂಡೆ. ಆಮೇಲೆ ಮುಖ ಸತ್ತಂತಾಯಿತು. ಬಾಯಿ ಒಂದು ಕಡೆ ಸೊಟ್ಟಾಗಿದ್ದರೆ ಊರೇ ಕೂಡುತ್ತಿತ್ತು. ನನ್ನದು ಎರಡೂ ಕಡೆ ಸಮವಾಗಿ ಬಿದ್ದಿತ್ತು. "ಅಕ್ಕೋರು ಸಿಟ್ಟಾಗ್ಯಾರ" ಎಂದು ಹುಡುಗಿಯರು ಇನ್ನಷ್ಟು ನೆಟ್ಟಗೆ ನಿಂತರು. ಗಂಡನೂ ಹಾಗೇ ತಿಳಿದ.

"ಮೂರು ದಿನಾ ಆತು. ನಾ ಏನ್ ತಪ್ಪು ಮಾಡೇನಿ, ಹೇಳರ ಹೇಳು."

"ಈಗ ನಕ್ಕೆನಲ್ರಿ."

"ಇದು ನಗು? ಹಂಗಾರ ನೀ ಸಿಟ್ಟಾದ್ರ ನಾ ಊರು ಬಿಡಬೇಕು!"

ಅಷ್ಟರಲ್ಲಿ ಕುಡಿಯುತ್ತಿದ್ದ ಚಹಾ ನನ್ನ ತುಟಿಯ ಎರಡೂ ಬದಿಯಿಂದ ಸೆರಗಿಗೆ ಇಳಿಯಿತು. ಅವನು ಕಪ್ಪು ಕೆಳಗಿಟ್ಟ. ಮಧ್ಯಾಹ್ನದ ಬಸ್ಸಿಗೆ ಬಿಜಾಪುರಕ್ಕೆ ಹೊರಟೆವು.

ಡಾಕ್ಟರು ಕಣ್ಣು ಗಟ್ಟಿಯಾಗಿ ಮುಚ್ಚಲು ಹೇಳಿದರು. ಮುಚ್ಚಿದೆ ಅಂದುಕೊಂಡೆ, ಬೆಳಕು ಒಳಗೆ ಬರುತ್ತಲೇ ಇತ್ತು.

"ಭೇದಿ ಜಡ್ಡು ತಡದ ಶಕ್ತೀನ ತಿರುಗಿ ನಿಮ್ಮ ನರಾ ಕಡಿಯಾಕತ್ತೈತ್ರಿ. ಕಾಲಾಗಿನ ನರಾ ಹಿಡದು ಮುಖದ ನರಕ್ಕ ಬಂದೈತಿ. ಗಂಟಲಕ್ಕ, ಉಸಿರಿಗೆ ಹೋಗದಂಗ ಕಾಯಬೇಕು."

"ಸೀಟಿ ಊದಾಕ ಬರ್ತೈತೇನ್ರಿ?"

"ಮೊದಲ ಒಂದು ಗುಟುಕು ನೀರು ನುಂಗಿ ತೋರಸ್ರಿ."

ನುಂಗಿದೆ. ಗಂಟಲು ಉಳಿಯಿತು. ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದು ಕೋಲು ಹಿಡಿದು ಮನೆಗೆ ಬಂದೆ.

ಮರುದಿನದಿಂದಲೇ ಆರಕ್ಕೆ ಕನ್ನಡಿಯ ಮುಂದೆ ಡ್ರಿಲ್. ಹುಬ್ಬು ಮೇಲೆ, ಕಣ್ಣು ಮುಚ್ಚು, ಗಲ್ಲ ಉಬ್ಬಿಸು, ಒಂದೊಂದೂ ಇಪ್ಪತ್ತು ಸಲ. ಎಣಿಕೆ ಗಂಡನದು. ಹನ್ನೆರಡಾದ ಮೇಲೆ ಹದಿನೈದು ಅಂದರೆ ಮೊದಲಿನಿಂದ ಎಣಿಸುವಂತೆ ಮಾಡುತ್ತಿದ್ದೆ. ಗಲ್ಲದಲ್ಲಿ ಸಿಕ್ಕ ರೊಟ್ಟಿ ಚೂರನ್ನು ಬೆರಳಿಂದ ತೆಗೆಯುತ್ತಿದ್ದೆ. ರೆಪ್ಪೆಗೆ ಪಟ್ಟಿ ಅಂಟಿಸಿ ಮಲಗುತ್ತಿದ್ದೆ. ಎರಡು ತಿಂಗಳು ಸೀಟಿಯಿಂದ ಬರೀ ಗಾಳಿ ಸೋರಿತು.

"ಪಂಕ್ಚರ್ ಆಗೈತಿ" ಅಂದು ಅವನು ನನ್ನ ಮುಖ ನೋಡಿದ. "ನಕ್ಕಿಯೇನು?"

"ನಕ್ಕೆ."

ಜೂನ್‌ನಲ್ಲಿ ಶಾಲೆ ತೆರೆಯಿತು. ಕಾಲು ಗಟ್ಟಿಯಾಗಿದ್ದವು, ತುಟಿ ಅರೆಬರೆ. ಎರಡು ಬೆರಳಿಂದ ತುಟಿಯನ್ನು ಸೀಟಿಗೆ ಒತ್ತಿ ಹಿಡಿದು ಊದಿದೆ. ತೆಳ್ಳಗೆ, ಆದರೂ ಬಂತು. ಸಾಲು ನಿಂತಿತು. ಮುಂದಿನ ಹುಡುಗಿ ನನ್ನ ಮುಖ ನೋಡಿ ಹೆದರಿದಳು.

"ಸಿಟ್ಟಾಗೀರೇನ್ರಿ ಅಕ್ಕೋರ?"

"ಇಲ್ಲವ್ವಾ, ನಗಾಕತ್ತೇನಿ" ಎಂದೆ. "ಹಿಂದಿನ ಸಾಲು ನೆಟ್ಟಗ ಮಾಡ್ರಿ."